ಗ್ಯಾರೇಜಿನ ಸಾಹೇಬರಿಗೆ ಬಲಗಡೆ ಸೀಟಿನವಳ ಅಹವಾಲು

ಪಿನ್ನರ್, ಲಂಡನ್
ಶನಿವಾರ, ಮಧ್ಯಾಹ್ನ ಊಟವಾದ ಮೇಲೆ

ಮಾನ್ಯರೇ,

ಎಂಟು ಸಿಲಿಂಡರು, ಏಳು ಲೀಟರಿನ ಎಂಜಿನ್ನು ಮತ್ತು ಐವತ್ತೈದು ವರ್ಷದ ತುಂಬು ಪ್ರಾಯದೊಡನೆ ನಮ್ಮ ಗ್ಯಾರೇಜಿನಲ್ಲಿ ಬಿಜಯಂಗೈದಿರುವ ಅಮೆರಿಕನ್ ಮಸಲ್ ಕಾರ್ ಆದ ತಮಗೆ, ಈ ಮನೆಯ ಗಿರಿಜಾದೇವಿ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗವೆಂಬುದನ್ನು ಬರಿಯ ಪತ್ರದ ಮರ್ಯಾದೆಯೆಂದು ತಾವು ತಿಳಿಯಬಾರದು. ತಮ್ಮ ಹೊಟ್ಟೆಯಡಿಯಿಂದ ತೊಟ್ಟಿಕ್ಕುವ ಎಣ್ಣೆಯನ್ನು ಒರೆಸಲು ವಾರಕ್ಕೊಮ್ಮೆ ನಾನು ನಿಜವಾಗಿಯೂ ನೆಲಕ್ಕೆ ಎದೆಯೂರಿ ಮಲಗುತ್ತೇನೆ. ಮೊಣಕಾಲು ನೋವು ಶುರುವಾದ ಮೇಲೆ ದೇವರ ಮುಂದೆಯೂ ಅಷ್ಟು ಬಗ್ಗಿದವಳಲ್ಲ.

ಯಜಮಾನರ ಹೆಸರನ್ನು ಬಾಯಿಬಿಟ್ಟು ಹೇಳುವ ರೂಢಿ ನಮ್ಮ ಕಡೆ ಇಲ್ಲವಾದರೂ, ಬಹಿರಂಗ ಪತ್ರವಾದ್ದರಿಂದ ಒಂದು ಸಲ ಬರೆಯುತ್ತೇನೆ: ಅಡಿವೆಪ್ಪ. ವಿಮಾನ ನಿಲ್ದಾಣದಲ್ಲಿ ಇಪ್ಪತ್ತಾರು ವರ್ಷ ವಿಮಾನಗಳ ಬ್ರೇಕು ಬಿಚ್ಚಿ ಜೋಡಿಸಿದ ಇವರು, ಹೌನ್ಸ್ಲೋದ ಬಾಡಿಗೆ ಮನೆ ಬಿಟ್ಟು ಪಿನ್ನರಿಗೆ ಬರಲು ನನಗೆ ಕೊಟ್ಟ ಕಾರಣ ಶಾಂತವಾದ ರಸ್ತೆ, ಒಳ್ಳೆಯ ಗಾಳಿ. ನಿಜವಾದ ಕಾರಣ ಈ ಮನೆಯ ಉದ್ದನೆಯ ಗ್ಯಾರೇಜು ಎಂಬುದು ಆರು ತಿಂಗಳಾದ ಮೇಲೆ, ತಾವು ಅಮೆರಿಕದಿಂದ ಹಡಗಿನಲ್ಲಿ ಬಂದಿಳಿದ ದಿನ ನನಗೆ ತಿಳಿಯಿತು. ಶಾಂತವಾದ ರಸ್ತೆಯ ಮಾತು ಅಂದಿಗೇ ಮುಗಿಯಿತು, ಒಳ್ಳೆಯ ಗಾಳಿಯ ಮಾತೂ ಮುಗಿಯಿತು. ಮೂವತ್ತೈದು ವರ್ಷ ಸಂಸಾರ ಮಾಡಿದ ನನ್ನನ್ನು ಇವರು ‘ಏ ಗಿರಿಜಾ, ಬಾ ಇಲ್ಲಿ’ ಎಂದು ಕರೆಯುತ್ತಾರೆ. ಬೆಳಿಗ್ಗೆ ಗ್ಯಾರೇಜಿನ ಬಾಗಿಲೆತ್ತಿ ತಮಗೆ ‘ಏಳ್ರಿ ಸಾಹೇಬ್ರ, ಬೆಳಗಾತು’ ಎನ್ನುತ್ತಾರೆ. ಮನೆಯಲ್ಲಿ ಹಿರಿಯರು ಯಾರೆಂಬುದು ಇತ್ಯರ್ಥವಾಗಿರುವುದರಿಂದ ನಾನೂ ತಮ್ಮನ್ನು ತಾವು ಎಂದೇ ಸಂಬೋಧಿಸುತ್ತಿದ್ದೇನೆ.

ತಮ್ಮ ವಂಶದ ಚರಿತ್ರೆ ನನಗೆ ತವರುಮನೆಯ ವಂಶಾವಳಿಗಿಂತ ಚೆನ್ನಾಗಿ ಬಾಯಿಪಾಠವಾಗಿದೆ, ಏಕೆಂದರೆ ಮನೆಗೆ ಬಂದವರಿಗೆ ನೀರು ಕೊಡುವ ಮೊದಲೇ ಅದನ್ನು ಹೇಳಲಾಗುತ್ತದೆ. ಅರವತ್ತರ ದಶಕದ ನಡುವಿನಲ್ಲಿ ಡೆಟ್ರಾಯಿಟ್ ಊರಿನ ಎಂಜಿನಿಯರುಗಳು ದೊಡ್ಡ ಕಾರಿನ ಎಂಜಿನ್ನನ್ನು ಮಧ್ಯಮ ಗಾತ್ರದ ಕಾರಿನೊಳಗೆ ತುರುಕಿ, ಹರೆಯದವರ ಕೈಗೆಟಕುವ ಬೆಲೆಗೆ ಮಾರಿದರಂತೆ. ಪೆಟ್ರೋಲು ಅಗ್ಗವಿದ್ದುದರಿಂದ ಆ ಹರೆಯದವರು ಒಂದು ಕೆಂಪು ದೀಪದಿಂದ ಇನ್ನೊಂದು ಕೆಂಪು ದೀಪದವರೆಗೆ ಪಂದ್ಯ ಕಟ್ಟಿ ಓಡಿಸಿದರಂತೆ. ಕಾಲು ಮೈಲಿ ನೆಟ್ಟಗೆ ಓಡುವುದರಲ್ಲಿ ತಮ್ಮವರನ್ನು ಮೀರಿಸುವವರಿರಲಿಲ್ಲವಂತೆ, ತಿರುವು ಬಂದರೆ ಮಾತ್ರ ದೇವರೇ ಗತಿ. ಹತ್ತು ವರ್ಷ ತುಂಬುವುದರೊಳಗೆ ವಿಮೆಯವರು ಕಂತು ಏರಿಸಿದರು, ಸರ್ಕಾರ ಹೊಗೆಯನ್ನು ಪ್ರಶ್ನಿಸಿತು, ಎಪ್ಪತ್ತಮೂರರಲ್ಲಿ ಅರಬ್ ದೇಶಗಳು ಎಣ್ಣೆಯ ನಲ್ಲಿ ಮುಚ್ಚಿದವು, ಅಲ್ಲಿಗೆ ರಾಜ್ಯಭಾರ ಮುಗಿಯಿತು. ಇಷ್ಟು ಬೇಗ ಮುಗಿದ ವಂಶಕ್ಕೆ ಇಂದಿಗೂ ಇಷ್ಟು ಭಕ್ತರು ಹೇಗೆ ಎಂದು ನಾನು ಕೇಳಿದರೆ, ಇವರು ಬೆಳಗಾವಿಯ ಒಂದು ಕಟಿಂಗ್ ಅಂಗಡಿಯ ಕಥೆ ತೆಗೆಯುತ್ತಾರೆ. ಡಿಪ್ಲೊಮಾ ಓದುವಾಗ ಆ ಅಂಗಡಿಯ ಗೋಡೆಯಲ್ಲಿ ಏಳೆಂಟು ವರ್ಷ ಹಳೆಯದಾದ ಅಮೆರಿಕದ ಕ್ಯಾಲೆಂಡರ್ ಇತ್ತು, ಅದರಲ್ಲಿ ಕೆಂಪು ಬಣ್ಣದ ತಾವಿದ್ದಿರಿ, ಮತ್ತು ತಮ್ಮ ದರ್ಶನಕ್ಕಾಗಿ ಇವರು ಹದಿನೈದು ದಿನಕ್ಕೊಮ್ಮೆ ತಲೆ ಕೊಟ್ಟು ಕೂರುತ್ತಿದ್ದರು. ಇಂದು ಇವರ ತಲೆಯ ಮೇಲೆ ಒಂದು ಕೂದಲೂ ಇಲ್ಲದಿರುವುದಕ್ಕೆ ನಾನು ತಮ್ಮನ್ನೇ ಹೊಣೆ ಮಾಡಿದ್ದೇನೆ.

ತಮ್ಮ ಆಹಾರದ ವಿಷಯ ಎತ್ತುವುದು ಆತಿಥ್ಯಧರ್ಮವಲ್ಲ. ಆದರೂ ಕಳೆದ ಬಸವ ಜಯಂತಿಯ ದಿನ ನಮ್ಮ ಬೆಂಗಳೂರಿನ ಸ್ನೇಹಿತರಾದ ನರಸಿಂಹಮೂರ್ತಿಯವರು ತಮ್ಮ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಭಾರತೀಯರೆಲ್ಲರೂ ಕೇಳುವ ಪ್ರಶ್ನೆಯನ್ನೇ, ‘ಮೈಲೇಜ್ ಎಷ್ಟು ಕೊಡುತ್ತೆ ಸಾರ್?’ ಎಂದು ಕೇಳಿದಾಗ, ಇವರು ‘ಕೊಡೂದಿಲ್ರಿ ಅದು, ತಗೋತೈತಿ’ ಎಂದದ್ದನ್ನು ತಾವೂ ಕೇಳಿಸಿಕೊಂಡಿರಬೇಕು. ತಮ್ಮ ಪಕ್ಕದಲ್ಲಿ ತೆಪ್ಪಗೆ ನಿಲ್ಲುವ ನನ್ನ ಪುಟ್ಟ ಡೀಸೆಲ್ ಕಾರು ಹೊಗೆ ಬಿಡುತ್ತದೆಂದು ಹೊರಗೆ ತೆಗೆದ ದಿನವೆಲ್ಲ ಹನ್ನೆರಡೂವರೆ ಪೌಂಡ್ ದಂಡ ತೆರುತ್ತದೆ. ನಲವತ್ತು ವರ್ಷ ದಾಟಿದ್ದಕ್ಕೆ ದಂಡ ಮಾಫಿಯಾದ ಚಾರಿತ್ರಿಕ ವಾಹನರಾದ ತಾವು ಇಡೀ ಬೀದಿಗೆ ಧೂಪ ಹಾಕಿದರೂ ಲಂಡನ್ ತಮಗೆ ಕೈಮುಗಿದು ದಾರಿ ಬಿಡುತ್ತದೆ. ನನಗೂ ಅರವತ್ತೊಂದಾಯಿತು. ನನಗೆ ಯಾರೂ ಏನನ್ನೂ ಮಾಫಿ ಮಾಡಿಲ್ಲ.

ಈಗ ಮುಖ್ಯ ದೂರಿಗೆ ಬರುತ್ತೇನೆ. ಅಮೆರಿಕದವರಾದ ತಮ್ಮ ಸ್ಟೀರಿಂಗ್ ಎಡಗಡೆಯಿದೆ, ಈ ದೇಶದಲ್ಲಿ ನಮ್ಮೂರಿನ ಹಾಗೆ ರಸ್ತೆಯ ಎಡಕ್ಕೆ ಓಡಿಸಿ, ಬಲಗಡೆ ಕೂತು ದಾರಿ ನೋಡಬೇಕು. ಹೀಗಾಗಿ ಮುಂದಿರುವ ಲಾರಿಯನ್ನು ದಾಟಬೇಕಾದರೆ ಎದುರಿನಿಂದ ಏನು ಬರುತ್ತಿದೆಯೆಂಬುದು ಓಡಿಸುವವರಿಗೆ ಕಾಣುವುದಿಲ್ಲ, ಬಲಗಡೆ ಕೂತ ನನಗೆ ಮಾತ್ರ ಕಾಣುತ್ತದೆ. ಹದಿನೇಳು ವರ್ಷದಿಂದ ಇವರು ‘ಬಲಕ ನೋಡು, ಏನರ ಬರಾಕತ್ತೈತೇನು’ ಎಂದು ಕೇಳುವುದು, ನಾನು ಕತ್ತು ಚಾಚಿ ‘ಖಾಲಿ ಐತಿ, ನಡೀರಿ’ ಎನ್ನುವುದು ನಡೆದುಬಂದಿದೆ. ಕಾರ್ ಪಾರ್ಕಿನ ಟಿಕೆಟ್ ಯಂತ್ರಕ್ಕೂ ನನ್ನ ಕೈಯೇ ಬೇಕು. ಇಷ್ಟಾಗಿಯೂ ನಾನು ಈ ಕೆಲಸವನ್ನು ಸಂಸಾರದ ಹತ್ತು ಕೆಲಸಗಳಲ್ಲಿ ಒಂದೆಂದು ತಿಳಿದು, ಬಿಡುವಾದಾಗ ಸೀಟಿನಲ್ಲೇ ಎರಡೂ ಕೈಯಲ್ಲಿ ದೇವರ ದೀಪಕ್ಕೆ ಬತ್ತಿ ಹೊಸೆಯುತ್ತ ಕೂತಿರುತ್ತಿದ್ದೆ. ಬಲಗಡೆ ಕೂತವಳು ಓಡಿಸುವವಳೆಂದೇ ನಂಬುವ ಈ ಊರಿನ ಒಬ್ಬ ಸದ್ಗೃಹಸ್ಥರು, ಸೀರೆಯುಟ್ಟ ಹೆಂಗಸೊಬ್ಬಳು ಸ್ಟೀರಿಂಗ್ ಬಿಟ್ಟು ಹತ್ತಿ ಹೊಸೆಯುತ್ತ, ನಡುನಡುವೆ ತೂಕಡಿಸುತ್ತ ಭಯಂಕರ ವಾಹನವನ್ನು ಓಡಿಸುತ್ತಿದ್ದಾಳೆಂದು ಪೊಲೀಸರಿಗೆ ಫೋನು ಮಾಡಿದರು. ವಿಚಾರಣೆಗೆಂದು ಮನೆಗೆ ಬಂದ ಕಾನ್‌ಸ್ಟೇಬಲ್ ತಮ್ಮನ್ನು ಕಂಡೊಡನೆ ಬಂದ ಕೆಲಸ ಮರೆತು, ಬಾನೆಟ್ ಎತ್ತಿಸಿ, ಅರ್ಧ ಗಂಟೆ ಫೋಟೋ ತೆಗೆದುಕೊಂಡು, ಕೊನೆಗೆ ಒಂದೇ ಒಂದು ಸಲ ಸ್ಟಾರ್ಟ್ ಮಾಡಿ ಕೇಳಿಸುತ್ತೀರಾ ಎಂದು ಬೇಡಿಕೊಂಡರು. ಕಾನೂನೇ ಹೀಗೆ ಮರುಳಾದ ಮೇಲೆ ತಮ್ಮ ಮೇಲೆ ದೂರು ಕೊಡಲು ನನಗೆ ತಮ್ಮ ಹೊರತು ಬೇರೆ ಕಚೇರಿ ಉಳಿಯಲಿಲ್ಲ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ಸೂಪರ್‌ಮಾರ್ಕೆಟ್ಟಿನ ಒಂದೂವರೆ ಜಾಗದ ಬದಲು ಒಂದೇ ಜಾಗದಲ್ಲಿ ಹಿಡಿಸುವಷ್ಟು ಸೊರಗಬೇಕೆಂದೂ, ಶ್ರಾವಣ ಸೋಮವಾರವಾದರೂ ಪೆಟ್ರೋಲು ಬಿಟ್ಟು ಒಪ್ಪತ್ತು ಮಾಡಬೇಕೆಂದೂ, ಪಕ್ಕದ ಮನೆಯವರ ಬೆಕ್ಕು ಬೇಲಿ ಹಾರಿ ಓಡಿಹೋಗದಂತೆ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು ಕೆಮ್ಮಬೇಕೆಂದೂ ಮೂರು ವಿನಂತಿಗಳನ್ನು ಹೋದ ವರ್ಷವೇ ಬರೆದಿಟ್ಟಿದ್ದೆ. ಅವನ್ನು ಕಳಿಸುವಷ್ಟರಲ್ಲಿ ಮಾರ್ಚಿ ತಿಂಗಳು ಬಂತು.

ಮಾರ್ಚಿಯಲ್ಲಿ ಕಣ್ಣಿನ ಡಾಕ್ಟರು ಇವರಿಗೆ, ಎದುರಿನದು ಕಾಣುತ್ತದೆ, ಅಕ್ಕಪಕ್ಕದ ನೋಟ ಮುಚ್ಚಿಕೊಂಡು ಬರುತ್ತಿದೆ, ಇನ್ನು ಕಾರು ಓಡಿಸುವಂತಿಲ್ಲ ಎಂದರು. ಇವರು ವಾದ ಮಾಡಲಿಲ್ಲ. ‘ಮಂದಿ ಮಕ್ಕಳು ಅಡ್ಡ್ಯಾಡೋ ರಸ್ತಾ ಅದು’ ಎಂದು ಹೇಳಿ ಲೈಸೆನ್ಸನ್ನು ಸ್ವತಃ ಲಕೋಟೆಯಲ್ಲಿ ಹಾಕಿ ಅಂಚೆಗೆ ಕೊಟ್ಟು ಬಂದರು. ಓಡಿಸಲಾಗದ್ದನ್ನು ಮನೆಯಲ್ಲಿಟ್ಟುಕೊಂಡು ಏನು ಮಾಡುವುದೆಂದು ತಮ್ಮನ್ನು ಮಾರಾಟಕ್ಕಿಟ್ಟರು. ಕೊಲಿಂಡೇಲಿನ ಹೊಸ ಅಪಾರ್ಟ್‌ಮೆಂಟಿನ ಋಷಿಕೇಶ್ ಎಂಬವರು ನಾಳೆ ಹನ್ನೊಂದಕ್ಕೆ ಬಂದು ತಮ್ಮನ್ನು ಕರೆದೊಯ್ಯುವುದೆಂದು ನಿಶ್ಚಯವಾಯಿತು. ಅಂದಿನಿಂದ ಇವರು ಬೆಳಿಗ್ಗೆ ಪೂಜೆ ಮುಗಿಸಿ ಗ್ಯಾರೇಜಿಗೆ ಹೋಗಿ, ಎಡಗಡೆ ಕೂತು, ಕೀ ತಿರುಗಿಸದೆ ಸ್ಟೀರಿಂಗ್ ಹಿಡಿದುಕೊಂಡಿರುತ್ತಾರೆ. ತಾವು ಹೋಗುವುದು ನನ್ನ ಹದಿನೇಳು ವರ್ಷದ ಆಸೆ, ಆದರೆ ಇವರು ಹಾಗೆ ಕೂತಿರುವುದನ್ನು ನನ್ನಿಂದ ನೋಡಲಾಗುತ್ತಿಲ್ಲ.

ಮೊನ್ನೆ ಗುರುವಾರ ನಡೆದದ್ದು ತಮಗೂ ನನಗೂ ಮಾತ್ರ ಗೊತ್ತಿತ್ತು. ಇವರನ್ನು ನರಸಿಂಹಮೂರ್ತಿಯವರು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಮನೆಯಿಂದ ಹೋಗುವವರನ್ನು ಮೀಸಿ ಕಳಿಸಬೇಕೆಂಬ ಒಂದೇ ಸದುದ್ದೇಶದಿಂದ, ಒಂದು ದಿನದ ವಿಮೆ ಪಡೆದು, ನಾನು ಮೊದಲ ಬಾರಿಗೆ ತಮ್ಮ ಎಡಗಡೆ ಕೂತು ಕಾರ್ ವಾಷಿಗೆ ಹೊರಟೆ. ನಾರ್ತೊಲ್ಟ್ ಕಡೆಯ ದೊಡ್ಡ ರಸ್ತೆ ಖಾಲಿಯಿತ್ತು, ಕಾಲು ಸ್ವಲ್ಪ ಹೆಚ್ಚು ಒತ್ತಿತು, ತಮ್ಮ ಮೂತಿ ಮೇಲೆದ್ದಿತು, ಸೀಟು ನನ್ನನ್ನು ಹಿಂದಕ್ಕೆ ಎಳೆದುಕೊಂಡಿತು, ಆ ಸದ್ದು ಕಾಲಿನಿಂದ ಹತ್ತಿ ಎದೆಗೆ ಬಂತು. ಬರೆಯಲು ನಾಚಿಕೆಯಾಗುತ್ತದೆ, ನನಗೆ ವಿಪರೀತ ಖುಷಿಯಾಯಿತು. ಗಟ್ಟಿಯಾಗಿ ನಕ್ಕೆ. ಮಾರ್ಚಿಯ ನಂತರ ನಮ್ಮ ಮನೆಯವರು ಯಾರೂ ಅಷ್ಟು ಗಟ್ಟಿಯಾಗಿ ನಕ್ಕಿರಲಿಲ್ಲ.

ಆದರೆ ಹಿಂತಿರುಗುವಾಗ ಚಿಕ್ಕ ರಸ್ತೆಯಲ್ಲಿ ಕಸದ ಲಾರಿಯೊಂದು ಮುಂದೆ ಸಿಕ್ಕಿತು. ಅದು ಮನೆಮನೆಗೆ ನಿಲ್ಲುತ್ತ ಹೋಯಿತು, ನಾನು ಹಿಂದೆ ಹಿಂದೆ ನಿಲ್ಲುತ್ತ ಹೋದೆ. ದಾಟಬಹುದೋ ಇಲ್ಲವೋ ಕಾಣದು. ಬಲಕ್ಕೆ ತಿರುಗಿದರೆ ಖಾಲಿ ಸೀಟು, ನೋಡಿ ಹೇಳುವವರಿಲ್ಲ. ನಾಲ್ಕುನೂರು ಕುದುರೆಗಳ ಬಲವುಳ್ಳ ತಾವು ಹನ್ನೆರಡು ನಿಮಿಷ ಕಸದ ವಾಸನೆ ಕುಡಿಯುತ್ತ ತೆವಳಿದಿರಿ. ನಾನು ಇಷ್ಟು ವರ್ಷ ಯಾವ ಕೆಲಸ ಮಾಡುತ್ತಿದ್ದೆ ಎಂಬುದು ನನಗೆ ಅಲ್ಲಿ ತಿಳಿಯಿತು, ಎದುರಿನದನ್ನು ನೋಡಿ ಹೇಳುವುದಕ್ಕೆ ಇವರ ಕಣ್ಣು ಇನ್ನೂ ಸಾಕು ಎಂಬುದೂ ತಿಳಿಯಿತು.

ಇವತ್ತು ರೊಟ್ಟಿ ಬಡಿಸುತ್ತ ಇದನ್ನೆಲ್ಲ ಇವರಿಗೆ ಹೇಳಿಬಿಟ್ಟೆ. ಋಷಿಕೇಶರಿಗೆ ಬರಬೇಡಿ ಎನ್ನುತ್ತೇನೆ, ನಾನು ಓಡಿಸುತ್ತೇನೆ, ನೀವು ಬಲಗಡೆ ಕೂತು ನೋಡಿ ಹೇಳಿ ಎಂದೆ. ಇವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ‘ನೀ ಓಡಿಸಿದಿ?’ ಎಂದರು. ಬೈಯುತ್ತಾರೆಂದು ಕಾದೆ. ‘ಆವಾಜ ಹೆಂಗಿತ್ತು?’ ಎಂದು ಕೇಳಿದರು. ನಿಮ್ಮ ಗೊರಕೆಗಿಂತ ಚೆನ್ನಾಗಿತ್ತು ಎಂದು ಹೇಳಿದೆ. ಇನ್ನೊಂದು ರೊಟ್ಟಿ ಹಾಕಿಸಿಕೊಂಡು ತಿಂದರು, ‘ಬಲಕ ಕೂತು ರೂಢಿ ಇಲ್ಲ ನನಗ’ ಎಂದರು, ಕೈತೊಳೆದು ಗ್ಯಾರೇಜಿಗೆ ಹೋದರು. ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಅದಕ್ಕೇ ಅಡುಗೆಮನೆಯಲ್ಲಿ ಕೂತು ತಮಗೆ ಈ ಪತ್ರ ಬರೆಯುತ್ತಿದ್ದೇನೆ. ಹಿಂದಿನ ಮೂರೂ ವಿನಂತಿಗಳನ್ನು ವಾಪಸು ಪಡೆದು ಒಂದನ್ನೇ ಉಳಿಸಿಕೊಂಡಿದ್ದೇನೆ: ಈಗ ತಮ್ಮ ಹತ್ತಿರ ಬಂದಿರುವವರನ್ನು ಹೇಗಾದರೂ ಒಪ್ಪಿಸಿ.

ಇಷ್ಟು ಬರೆಯುವಷ್ಟರಲ್ಲಿ ಗ್ಯಾರೇಜಿನಿಂದ ಕಬ್ಬಿಣ ಕಿರುಗುಟ್ಟಿದ ಸದ್ದು ಬಂತು. ಕಿಟಕಿಯಿಂದ ನೋಡಿದೆ. ಇವರು ಬಲಗಡೆಯ ಬಾಗಿಲು ತೆಗೆದು, ನನ್ನ ಸೀಟನ್ನು ಉದ್ದನೆಯ ಕಾಲು ಹಿಡಿಸುವಷ್ಟು ಹಿಂದಕ್ಕೆ ಸರಿಸುತ್ತಿದ್ದಾರೆ.

ಇಂತು ತಮ್ಮ ವಿಶ್ವಾಸಿ, ಮತ್ತು ವಿಮೆ ಸಿಗುವ ಸೋಮವಾರದಿಂದ ತಮ್ಮ ಡ್ರೈವರ್,
ಗಿರಿಜಾದೇವಿ

ತಾ.ಕ.: ಬಲಗಡೆ ಕೂತವರು ಎದುರಿನ ದಾರಿ ನೋಡಿ ಹೇಳುವ ಕೆಲಸವಷ್ಟನ್ನೇ ಮಾಡತಕ್ಕದ್ದು. ಮೊದಲನೆಯ ತಿರುವಿಗೇ ನನಗೆ ಡ್ರೈವಿಂಗ್ ಕಲಿಸಲು ಶುರು ಮಾಡಿದರೆ, ನಾಳೆ ಬರಬೇಡಿರೆಂದು ತಿಳಿಸಿದ ಮೇಲೂ ಋಷಿಕೇಶರ ಫೋನ್ ನಂಬರು ನಾನಿನ್ನೂ ಅಳಿಸಿಲ್ಲವೆಂಬುದನ್ನು ತಾವೇ ಅವರ ಕಿವಿಗೆ ಹಾಕಬೇಕು.