ಹಿಂಬದಿ ದೀಪಕ್ಕೆ ಹಚ್ಚಿದ ಅಂಟು ಬಿಡದಿರುವ ಬಗ್ಗೆ

ಸಂಖ್ಯೆ: ವಾ.ವಿ./ಪ್ಲಾ.ಅಂ./17/1983-84
ದಿನಾಂಕ: 9-11-1983

ವಿಷಯ: ಇಲಾಖಾ ಕಾರಿನ ಪ್ಲಾಸ್ಟಿಕ್ ಭಾಗಗಳಿಗೆ ಯೋಗ್ಯ ಅಂಟನ್ನು ಆರಿಸುವ ಕುರಿತು.
ಉಲ್ಲೇಖ: ಚಾಲಕ ರೇವಣಸಿದ್ದಯ್ಯನ ಆರು ಅರ್ಜಿಗಳು (ಓದಿರುವುದಿಲ್ಲ).

1. ತುರುವೇಕೆರೆ ಬಳಿಯ ತೋಟವೊಂದರಲ್ಲಿ ಸಾಹೇಬರು ಎಳನೀರು ಪರಿಶೀಲಿಸುತ್ತಿದ್ದಾಗ, ನೆರಳಿಗೆಂದು ಅವರೇ ಮರದಡಿ ನಿಲ್ಲಿಸಿದ್ದ ಕಾರಿನ ಮೇಲೆ ಕಾಯಿ ಬಿದ್ದು, ಹಿಂಬದಿ ದೀಪದ ಕೆಂಪು ಪ್ಲಾಸ್ಟಿಕ್ ಮುಚ್ಚಳ ಮೂರು ಚೂರಾಗಿರುತ್ತದೆ. ಕಾಯಿಯ ಮೇಲೆ ಶಿಸ್ತುಕ್ರಮಕ್ಕೆ ಅವಕಾಶವಿಲ್ಲದ್ದರಿಂದ ಚಾಲಕನನ್ನು ಹೊಣೆ ಮಾಡಲಾಗಿದೆ.

2. ಅಂಟು ಕೋರಿದ ಚಾಲಕನಿಗೆ ಉಗ್ರಾಣದಿಂದ ಲಕೋಟೆಗೆ ಹಚ್ಚುವ ಗೋಂದು ನೀಡಲಾಯಿತು. ಅದು ಮೊದಲ ಮಳೆಗೇ ತೊಳೆದುಹೋಯಿತು. ನಂತರ ನೀಡಿದ ಮೊಹರಿನ ಅರಗು ಬಲ್ಬಿನ ಕಾವಿಗೆ ಕರಗಿ ಇಳಿಯಿತು. ಎರಡೂ ಮಂಜೂರಾದ ಅಂಟುಗಳೇ ಆದ್ದರಿಂದ ದೋಷ ಪ್ಲಾಸ್ಟಿಕ್ಕಿನದೆಂದು ತೀರ್ಮಾನಿಸಲಾಗಿದೆ.

3. ಚಾಲಕನು ಬೇಸತ್ತು, ತಿಪಟೂರಿನಿಂದ ತಾನೇ ಎರಡು ಟ್ಯೂಬಿನ ಅಂಟು ತಂದು, ಚೂರುಗಳ ಅಂಚನ್ನು ಉಪ್ಪುಕಾಗದದಿಂದ ಉಜ್ಜಿ, ಎರಡನ್ನೂ ಸಮವಾಗಿ ಕಲಸಿ ಹಚ್ಚಿ, ದಾರ ಸುತ್ತಿ ಒಂದು ದಿನ ಒಣಗಲು ಬಿಟ್ಟನೆಂದೂ, ದೀಪ ಹತ್ತಿದಾಗ ಅಂಗಳದಲ್ಲಿ ಒಬ್ಬನೇ ನಕ್ಕನೆಂದೂ ವರದಿಯಾಗಿದೆ. ನಗುವಿಗೆ ಪೂರ್ವಾನುಮತಿ ಪಡೆದಿರಲಿಲ್ಲ.

4. ಮರುದಿನ ಮುಸ್ಸಂಜೆ ಸಾಹೇಬರನ್ನು ಹಂದನಕೆರೆಯಲ್ಲಿ ಇಳಿಸಿ ಮರಳುವಾಗ, ಹೆರಿಗೆ ನೋವಿನಲ್ಲಿದ್ದ ಚಿಕ್ಕಗೌರಮ್ಮನ ಅತ್ತೆ ಕೊಲ್ಲಾಪುರಮ್ಮ ಕಾರಿಗೆ ಅಡ್ಡ ನಿಂತು, "ಬಸ್ಸು ಹೋಯ್ತು ಕಣಪ್ಪ, ಮಗು ಅಡ್ಡ ತಿರುಗೈತಂತೆ, ತಿಪಟೂರಿಗೆ ಬುಟ್ಬುಡಪ್ಪ" ಎಂದಿರುತ್ತಾಳೆ. "ಹತ್ತಿಸಮ್ಮ, ಕೆಲ್ಸ ಹೋದ್ರೆ ಆಮೇಲೆ ನೋಡ್ಕಂಡ್ರಾಯ್ತು" ಎಂದು ಚಾಲಕನು ಆಸ್ಪತ್ರೆಗೆ ಮುಟ್ಟಿಸಿರುತ್ತಾನೆ. ತಾಯಿ, ಮಗು ಕ್ಷೇಮ. ಇದು ಇಲಾಖೆಯ ವಾರ್ಷಿಕ ಗುರಿಯಲ್ಲಿ ಸೇರಿರುವುದಿಲ್ಲ. ದೀಪವಿಲ್ಲದ ಕಾರು ಸಂಜೆಯ ನಂತರ ಓಡತಕ್ಕದ್ದಲ್ಲ. ಅಂಟು ಹಿಡಿಯದಿದ್ದರೆ ಇಲಾಖಾ ಕಾರಿಗೆ ಹೊರಗಿನವರನ್ನು ಹತ್ತಿಸಿದ ಈ ಅಪರಾಧವೇ ನಡೆಯುತ್ತಿರಲಿಲ್ಲ. ಚಾಲಕನನ್ನು ಅಂದಿನಿಂದಲೇ ಅಮಾನತಿನಲ್ಲಿಡಲಾಗಿದೆ.

5. ಮುಚ್ಚಳವನ್ನು ಮೂಲಸ್ಥಿತಿಗೆ, ಅಂದರೆ ಮೂರು ಚೂರಿಗೆ, ತರಲು ವಿಚಾರಣಾಧಿಕಾರಿಗಳು ಇಕ್ಕಳ ಹಾಕಿ ಎಳೆದಾಗ ಇಕ್ಕಳದ ಹಿಡಿ ಮುರಿಯಿತು. "ಬುಡಲ್ಲ ಸಾರ್, ಸರಿಯಾದ್ದೇ ಹಾಕಿವ್ನಿ" ಎಂದು ಚಾಲಕನು ಮೆಲ್ಲಗೆ ಹೇಳಿದ್ದನ್ನು ಉದ್ಧಟತನವೆಂದು ದಾಖಲಿಸಲಾಗಿದೆ. ವಿಚಾರಣೆ ಮುಗಿದ ರಾತ್ರಿ ಸಾಹೇಬರು ಅದೇ ಕಾರಿನಲ್ಲಿ, ಅದೇ ದೀಪದಲ್ಲಿ, ಕ್ಷೇಮವಾಗಿ ಮನೆ ಸೇರಿದರು.

6. ಇನ್ನು ಮುಂದೆ ಇಲಾಖೆಯ ಯಾವುದೇ ವಸ್ತುವಿಗೆ ಹಚ್ಚಿದ ಅಂಟು ಹದಿನೈದು ದಿನಗಳೊಳಗೆ ತಾನಾಗಿ ಬಿಡತಕ್ಕದ್ದೆಂದು ಈ ಮೂಲಕ ಸೂಚಿಸಲಾಗಿದೆ. ಸದರಿ ದೀಪದ ಅಂಟು ಬಿಡುವವರೆಗೂ ರೇವಣಸಿದ್ದಯ್ಯನ ಅಮಾನತು ಜಾರಿಯಲ್ಲಿರುತ್ತದೆ.

ಸಹಿ/- (ಅಸ್ಪಷ್ಟ)
ಅಧಿಕಾರಿ, ವಾಹನ ಮತ್ತು ಅಂಟು ವಿಭಾಗ

ಪ್ರತಿಗಳು:
ಉಗ್ರಾಣಕ್ಕೆ, ಹೆಚ್ಚುವರಿ ಗೋಂದು ತರಿಸುವ ಸಲುವಾಗಿ.
ರೇವಣಸಿದ್ದಯ್ಯನಿಗೆ, ಖುದ್ದಾಗಿ ನಡೆದು ಬಂದು ಪಡೆಯತಕ್ಕದ್ದು.
ಕೊಲ್ಲಾಪುರಮ್ಮ, ಹಂದನಕೆರೆ, ಇವರಿಗೆ: ಅಮಾನತಿನಲ್ಲಿರುವ ನೌಕರನ ಹೆಸರನ್ನು ಮೊಮ್ಮಗನಿಗೆ ಇಟ್ಟಿರುವ ಬಗ್ಗೆ ಏಳು ದಿನಗಳೊಳಗೆ ಲಿಖಿತ ಸಮಜಾಯಿಷಿ ಕೋರಿ.