ಇಲ್ಲ ಎನ್ನದ ವೆಬ್‌ಸೈಟು

ನನ್ನ ಸೋದರಮಾವ ಕಟ್ಟಿದ ವೆಬ್‌ಸೈಟಿಗೆ ಕಳ್ಳರು ಕನ್ನ ಹಾಕುವ ಕಷ್ಟವೇ ಇಲ್ಲ. ಅವನೇ ಕರೆದು ಮಣೆ ಹಾಕಿ ಕೂರಿಸುತ್ತಾನೆ!

ಬೀರೂರಿನ ಸ್ಟೇಷನ್ ಹತ್ತಿರ ನಮ್ಮಿಬ್ಬರದೊಂದು ಪುಟ್ಟ ಅಂಗಡಿ. ಮಾವ ವೆಬ್‌ಸೈಟು ಮಾಡುತ್ತಾನೆ, ಮಾಡಿದ್ದನ್ನು ನಾನು ರಿಪೇರಿ ಮಾಡುತ್ತೇನೆ. ಊರಲ್ಲೇ ಬದುಕು ಕಟ್ಟುತ್ತೇನೆಂದು ಹಟ ಹಿಡಿದು ಇದಕ್ಕೆ ಸೇರಿದವಳು ನಾನು. ಮಾವ ಮಹಾ ಬುದ್ಧಿವಂತ. ಆದರೆ ಹುಟ್ಟಿದಾಗಿನಿಂದ ಯಾರಿಗೂ ಯಾವುದಕ್ಕೂ ‘ಇಲ್ಲ’ ಅಂದವನಲ್ಲ. ಅದು ಬಾಯಲ್ಲೇ ಉಳಿದಿದ್ದರೆ ಸರಿಯಿತ್ತು, ಅವನು ಬರೆಯುವ ಕೋಡ್‌ಗೂ ಇಳಿಯಿತು. ಪಾಸ್‌ವರ್ಡ್ ತಪ್ಪಾದರೆ ಜಗತ್ತಿನ ಸೈಟುಗಳೆಲ್ಲ ಬಾಗಿಲು ಹಾಕುತ್ತವೆ ತಾನೇ? ನಮ್ಮದು ‘ಇರಲಿ ಬಿಡಿ, ಒಳಗೆ ಬನ್ನಿ’ ಅನ್ನುತ್ತದೆ.

“ಮಾವ, ಇದು ಸೆಕ್ಯುರಿಟಿನಾ?”

“ಬಾಗ್ಲಿಗೆ ಬಂದೋರ್ನ ವಾಪಸ್ ಕಳ್ಸಕ್ಕಾಯ್ತದೇನೇ? ಪಾಪ, ಮರ್ತಿರ್ತಾರೆ!”

ಇಂಥವನಿಗೆ ಏನು ಹೇಳಲಿ? ಹಣೆ ಚಚ್ಚಿಕೊಂಡೆ.

ತರೀಕೆರೆಯ ಒಂದು ಮದುವೆ ಛತ್ರಕ್ಕೆ ಬುಕಿಂಗ್ ಸೈಟು ಮಾಡಿದ. ‘ಆ ದಿನ ಖಾಲಿ ಇಲ್ಲ’ ಎಂಬ ಸಾಲನ್ನೇ ಬರೆಯಲಿಲ್ಲ. ಶುಭಕಾರ್ಯಕ್ಕೆ ಬಂದವರಿಗೆ ಹಾಗೆನ್ನಬಾರದಂತೆ! ನಾನು ಪರೀಕ್ಷಿಸುವ ಮೊದಲೇ ಸೈಟನ್ನು ಜನರ ಬಳಕೆಗೆ ಬಿಟ್ಟೂ ಬಿಟ್ಟ. ಒಂದೇ ಮುಹೂರ್ತಕ್ಕೆ ಎರಡು ದಿಬ್ಬಣ ಬಂದಿಳಿದವು. ಎರಡೂ ಕಡೆಯವರು ನನ್ನನ್ನು ಕರೆಸಿ ನಡುವೆ ನಿಲ್ಲಿಸಿ ಬೈಯುತ್ತಿದ್ದರೆ ಮಾವ ನಿಧಾನವಾಗಿ ಬಂದು, “ಸಮಾಧಾನ ಮಾಡ್ಕಳಿ. ಊಟದ ಹಾಲ್‌ನಲ್ಲೂ ತಾಳಿ ಕಟ್ಬೋದು ಕಣ್ರೀ” ಅಂದ. ಛತ್ರದವರು ಅಂದೇ ನಮಗೆ ಕೈಮುಗಿದರು.

ಕಡೂರಿನ ಗಿರಾಕಿಗಳ ಸೈಟುಗಳಿದ್ದ ಕ್ಲೌಡ್ ಸರ್ವರಿನ ಬಾಗಿಲೂ ಹಾಗೇ ತೆರೆದಿತ್ತು. ಯಾರೋ ನುಗ್ಗಿ ತೆಂಗಿನಕಾಯಿ ಮಂಡಿಯ ಪುಟದ ತುಂಬ ಇಸ್ಪೀಟಿನ ಜಾಹೀರಾತು ಅಂಟಿಸಿದರು. ಆ ಗಿರಾಕಿಗಳೂ ಹೋದರು.

ಕೊನೆಗೆ ಉಳಿದವರು ಅಜ್ಜಂಪುರದ ಈರುಳ್ಳಿ ಸಾಹುಕಾರರೊಬ್ಬರೇ. ಅವರೂ ಹೋದರೆ ಅಂಗಡಿಗೆ ಬೀಗ. ಅವರ ಸೈಟಿಗೆ ಎಐ ಚಾಟ್‌ಬಾಟ್ ಬೇಕಾಗಿತ್ತು. ಎಐ ಅಂದರೇನು? ನಾವು ಕೊಟ್ಟ ಉದಾಹರಣೆ ನೋಡಿ ಮಾತು ಕಲಿಯುತ್ತದೆ. ಉದಾಹರಣೆ ಕೊಟ್ಟವನು ನಮ್ಮ ಮಾವ! ಗಿರಾಕಿಗಳು ಕೇಳಿದ್ದಕ್ಕೆಲ್ಲ ಬಾಟ್ ಹೂಂ ಅಂದಿತು.

‘ಕಣ್ಣೀರು ಬರಿಸದ ಈರುಳ್ಳಿ ಇದೆಯಾ?’ ‘ಇದೆ, ಬನ್ನಿ.’

‘ಒಂದು ಮೂಟೆಗೆ ಒಂದು ಟ್ರ್ಯಾಕ್ಟರ್ ಕೊಡ್ತೀರಾ?’ ‘ಧಾರಾಳವಾಗಿ!’

ಟ್ರ್ಯಾಕ್ಟರ್ ಕೇಳಿದವನು ಡ್ರೈವರನ್ನೂ ಕರೆದುಕೊಂಡು ಮಂಡಿಗೆ ಬಂದೇಬಿಟ್ಟ. ಸಾಹುಕಾರರು ಫೋನಿನಲ್ಲಿ, “ನಿಮ್ ಸವಾಸ ಸಾಕು ಕಣಮ್ಮಾ” ಅಂದು ಇಟ್ಟರು.

ಅಲ್ಲಿಗೆ ಮುಗಿಯಿತು. ಎಷ್ಟು ಸಲ ಗೋಗರೆದಿದ್ದೆ, ಒಂದೇ ಒಂದು ಸಲ ಯಾರಿಗಾದರೂ ಇಲ್ಲ ಅನ್ನು ಮಾವ ಎಂದು! ಶಿವಮೊಗ್ಗದ ಕಂಪನಿಯೊಂದು ಕೆಲಸಕ್ಕೆ ಕರೆದಿತ್ತು. ಬ್ಯಾಗು ಹೆಗಲಿಗೇರಿಸಿ, “ಮಾವ, ನಾನು ಹೋಗ್ಲಾ?” ಎಂದು ಕೇಳಿದೆ. ಉತ್ತರ ಗೊತ್ತೇ ಇತ್ತು. ಕೇಳಿದ್ದು ಬರೀ ಮರ್ಯಾದೆಗೆ.

ಮಾವ ಕುರ್ಚಿಯಿಂದ ಎದ್ದ. ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡ.

“ಬ್ಯಾಡ ಕಣೇ” ಅಂದ.

ಅಯ್ಯೋ, ಕಲಿತದ್ದನ್ನು ನನ್ನ ಮೇಲೇ ಪ್ರಯೋಗಿಸಬೇಕಿತ್ತೇ! ಸಿಟ್ಟೂ ಬಂತು, ಅಳುವೂ ಬಂತು. ಬ್ಯಾಗು ಕೆಳಗಿಟ್ಟೆ.