ಎರಡು ಎಕ್ಕ, ಒಂದು ನೌಕರಿ

ಕೆಲವರಿಗೆ ಹೋದಲ್ಲೆಲ್ಲ ನೆಂಟರು ಸಿಗುತ್ತಾರೆ. ನನಗೆ ಎಕ್ಕದ ಗಿಡ ಸಿಗುತ್ತಿತ್ತು, ಸಿಕ್ಕಾಗಲೆಲ್ಲ ಒಂದು ಫಜೀತಿಯೂ ಜೊತೆಗೇ ಬರುತ್ತಿತ್ತು. ಅರವತ್ತರ ದಶಕದಲ್ಲಿ ಮಂಡ್ಯದಿಂದ ಹೋಗಿ ವಡೋದರದ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಒಂದು ವರ್ಷ ಪ್ರೊಬೇಷನ್. ಊರಲ್ಲಿ ಹೆಣ್ಣಿನ ಕಡೆಯವರು, “ಖಾಯಂ ಆಗಲಿ, ಆಮೇಲೆ ಲಗ್ನಪತ್ರಿಕೆ” ಎಂದು ಕೂತಿದ್ದರು. ಆಗದಿದ್ದರೆ ನೌಕರಿಯೂ ಇಲ್ಲ, ಮದುವೆಯೂ ಇಲ್ಲ.

೧. ಒರೆಸಿದ ಹೆಸರು

ಮೊದಲ ತರಗತಿಗೆ ಕಾಂಪೌಂಡಿನಿಂದ ಒಂದು ಎಕ್ಕದ ಕೊಂಬೆ ಮುರಿದು ತಂದು, ಬೋರ್ಡಿನ ಮೇಲೆ ‘ಕ್ಯಾಲೊಟ್ರೊಪಿಸ್ ಜೈಗ್ಯಾಂಟಿಯ’ ಎಂದು ದೊಡ್ಡದಾಗಿ ಬರೆದೆ. ನಮ್ಮೂರಿನ ರಸ್ತೆ ಬದಿಯಲ್ಲೆಲ್ಲ ಇದ್ದದ್ದು ಅದೇ. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ವಿಭಾಗದ ಮುಖ್ಯಸ್ಥರು ಒಳಗೆ ಬಂದರು, ಎರಡನೇ ಪದ ಒರೆಸಿ ‘ಪ್ರೊಸೆರ’ ಎಂದು ಬರೆದರು. ಆಮೇಲೆ ನನ್ನನ್ನು ಹೊರಗೆ ಕರೆದರು.

“ನೀವು ಬರೆದದ್ದು ಅಣ್ಣನ ಹೆಸರು, ಇದು ತಮ್ಮ. ವಾರ್ಷಿಕ ಪರೀಕ್ಷೆಗೆ ಅಣ್ಣತಮ್ಮ ಇಬ್ಬರನ್ನೂ ತಟ್ಟೆಯಲ್ಲಿ ಇಡಬೇಕಾದವರು ನೀವೇ. ಅಲ್ಲೂ ಹೀಗಾದರೆ ನಿಮ್ಮ ಹೆಸರನ್ನೂ ಹೀಗೇ ಒರೆಸಬೇಕಾಗುತ್ತದೆ.”

೨. ರಥಸಪ್ತಮಿ

ಅಮ್ಮ ಬಂದಿದ್ದಾಗ ರಥಸಪ್ತಮಿ ಬಂತು. ತಲೆ, ಭುಜ, ಮಂಡಿ, ಪಾದದ ಮೇಲಿಟ್ಟು ಸ್ನಾನ ಮಾಡಲು ಏಳು ಎಕ್ಕದೆಲೆ ಬೇಕಲ್ಲ, ಹೂವಿನ ಸಮೇತ ಒಂದು ಕೊಂಬೆಯನ್ನೇ ತಂದುಕೊಟ್ಟೆ. ಅಮ್ಮ ತಿರುಗಿಸಿ ಮುರುಗಿಸಿ ನೋಡಿದಳು.

“ಇದು ನಮ್ಮ ಎಕ್ಕ ಅಲ್ಲ ಕಣೋ. ನಮ್ಮದರ ದಳ ಅಗಲಿಸ್ಕೊಂಡು ಮಲಗಿರತ್ತೆ. ಇದರದು ಎದ್ದು ನಿಂತಿದೆ, ತುದೀಲಿ ನೇರಳೆ ಬೇರೆ. ಮೂಸಿ ನೋಡು, ವಾಸ್ನೇನೂ ಇದೆ. ನಮ್ಮದಕ್ಕೆಲ್ಲಿತ್ತು ವಾಸ್ನೆ?”

ಪುಸ್ತಕ ತೆಗೆದು ನೋಡಿದೆ. ಅದರಲ್ಲೂ ಅದೇ ಇತ್ತು! ಆ ಚಳಿಯಲ್ಲಿ ವಿಶ್ವಾಮಿತ್ರಿ ನದಿಯ ದಂಡೆಯವರೆಗೆ ನಡೆದು ‘ನಮ್ಮ ಎಕ್ಕ’ ಹುಡುಕಿ ತರಬೇಕಾಯಿತು, ಆದರೂ ಎದೆಯ ಮೇಲಿನ ಕಲ್ಲು ಅರ್ಧ ಇಳಿದಿತ್ತು.

ಅಮ್ಮ ಸ್ನಾನಕ್ಕೆ ಹೋಗುತ್ತ ಕೇಳಿದಳು, “ಇಷ್ಟು ಕಲಿಯೋಕೆ ಅಷ್ಟು ವರ್ಷ ಕಾಲೇಜು ಬೇಕಾಯ್ತೇನೋ ನಿಂಗೆ?”

೩. ಹಾರದಂಗಡಿ

ಗುಜರಾತಿನಲ್ಲಿ ಶನಿವಾರ ಹನುಮಂತನಿಗೆ ಎಕ್ಕದ ಹೂವಿನ ಹಾರ ಹಾಕುತ್ತಾರೆ. ಗುರುತು ಹಿಡಿಯುವುದನ್ನು ರೂಢಿಮಾಡಿಕೊಳ್ಳಲು ನಾನು ಭೂತಗನ್ನಡಿ ಹಿಡಿದು ಒಂದು ಹಾರದಂಗಡಿಯ ಮುಂದೆ ಕೂತೆ. ಒಂದೊಂದೇ ಹೂ ಎತ್ತಿ, “ಇದು ಅಣ್ಣ, ಇದು ತಮ್ಮ” ಎನ್ನುತ್ತಿದ್ದೆ. ಅಂಗಡಿಯಾಕೆ ನನ್ನ ಕೈಯಿಂದ ಹೂ ಕಿತ್ತುಕೊಂಡಳು.

“ಭಾಯ್, ದೇವರಿಗೇ ಎರಡೂ ಆಗುತ್ತೆ. ನಿಮ್ಮದೇನು ತಕರಾರು?”

೪. ಪರೀಕ್ಷೆಯ ದಿನ

ಪರೀಕ್ಷೆಯೂ ಶನಿವಾರವೇ ಬಿತ್ತು. ಹಿಂದಿನ ಸಂಜೆ ಎರಡೂ ಜಾತಿಯ ಹೂ ತಂದು, ಎರಡು ತಟ್ಟೆಯಲ್ಲಿ ನೀರು ಹಾಕಿ ಇಟ್ಟಿದ್ದೆ. ಬೆಳಿಗ್ಗೆ ನೋಡಿದರೆ ತಟ್ಟೆ ಎರಡೂ ಖಾಲಿ. ನಿವೃತ್ತಿಗೆ ಹತ್ತಿರವಾಗಿದ್ದ ನಮ್ಮ ಪ್ಯೂನ್ ಕಾಕಾ ನಗುನಗುತ್ತ ಬಂದರು.

“ಶನಿವಾರದ ಪೂಜೆಗೆ ತಂದು ಇಲ್ಲೇ ಮರೆತು ಹೋಗಿದ್ರಿ ಸಾಹೇಬ್. ನಾನೇ ಹಾರ ಕಟ್ಟಿ ನಿಮ್ಮ ಹೆಸರಲ್ಲಿ ಹನುಮಾನ್‌ಜಿಗೆ ಹಾಕಿಸಿ ಬಂದೆ. ನೀವು ಖಾಯಂ ಆಗೇ ಆಗ್ತೀರಿ!”

ಗೇಟಿನ ಪಕ್ಕದ ಗುಡಿಗೆ ಓಡಿದೆ. ಅಲ್ಲಿ ನಮ್ಮ ಮುಖ್ಯಸ್ಥರು, ಅಹಮದಾಬಾದಿನ ರೈಲಿನಿಂದ ಇಳಿಸಿಕೊಂಡು ಬಂದ ಪರೀಕ್ಷಕರನ್ನು ದರ್ಶನಕ್ಕೆ ನಿಲ್ಲಿಸಿದ್ದರು. ಪರೀಕ್ಷಕರು ದೇವರನ್ನು ಬಿಟ್ಟು ಹಾರವನ್ನೇ ನೋಡುತ್ತಿದ್ದರು.

“ಒಂದು ಪ್ರೊಸೆರ, ಒಂದು ಜೈಗ್ಯಾಂಟಿಯ, ಮತ್ತೆ ಪ್ರೊಸೆರ... ಕೊನೆತನಕ ಒಂದೂ ತಪ್ಪಿಲ್ಲವಲ್ಲ! ಯಾರು ಕಟ್ಟಿದ್ದು?”

“ನಮ್ಮ ಪ್ಯೂನ್, ಸರ್” ಎಂದೆ. ಚೆಂದ ಕಾಣಲಿ ಎಂದು ಕಾಕಾ ಎರಡು ತಟ್ಟೆಯಿಂದ ಒಂದೊಂದೇ ಎತ್ತಿಕೊಂಡು ಕಟ್ಟಿದ್ದರು ಅಷ್ಟೆ. ಮುಖ್ಯಸ್ಥರು ಮಾತ್ರ ಎದೆಯುಬ್ಬಿಸಿ, “ನಮ್ಮಲ್ಲಿ ತರಬೇತಿ ಹಾಗಿದೆ” ಎಂದುಬಿಟ್ಟರು.

ಪೂಜಾರಿಯನ್ನು ಬೇಡಿ ಹಾರವನ್ನು ಪ್ರಸಾದವಾಗಿ ಪಡೆದೆ, ಬಿಚ್ಚಿ ಮತ್ತೆ ತಟ್ಟೆಗೆ ಹಾಕಿದೆ. ಹೂವಿಗೆಲ್ಲ ಸಿಂಧೂರ ಮೆತ್ತಿತ್ತು. ವಿದ್ಯಾರ್ಥಿಗಳು ಮೊದಲು ಕಣ್ಣಿಗೊತ್ತಿಕೊಂಡು ಆಮೇಲೆ ಹೆಸರು ಬರೆದರು.

ತಿಂಗಳ ನಂತರ ಖಾಯಂ ಆದೇಶ ಕೈಗೆ ಬಂತು. ಹೋದ ಜೀವ ಬಂದಂತಾಗಿ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ಜೊತೆಗೆ ಪರೀಕ್ಷಕರ ವರದಿಯ ಪ್ರತಿ ಇತ್ತು: “ಈ ವಿಭಾಗದ ಪ್ಯೂನ್ ಎರಡೂ ಜಾತಿಗಳನ್ನು ತಪ್ಪಿಲ್ಲದೆ ಗುರುತಿಸುತ್ತಾರೆ. ಅವರ ಕೈಕೆಳಗೆ ಪಳಗಲೆಂದು ಡೆಮಾನ್‌ಸ್ಟ್ರೇಟರನ್ನೂ ಖಾಯಂ ಮಾಡಬಹುದು.”